ಚರಂಡಿಗೆ ಮನೆಯ ಮುಂದಿನ ಜಾಗ ಕೇಳುತ್ತಿದ್ದಾರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಹುದೇ?

ಪ್ರಶ್ನೆ: ಊರಿನ ಮಳೆನೀರು ಚರಂಡಿಯನ್ನು ಅಗಲ ಮಾಡಿ, ಪಕ್ಕದಲ್ಲೇ ಒಳಚರಂಡಿ ಕೊಳವೆ ಹಾಕುತ್ತಾರಂತೆ. ಪುರಸಭೆಯವರು ಬಂದು ನಮ್ಮ ಕಾಂಪೌಂಡಿನ ಒಳಗೆ ಕೆಂಪು ಬಣ್ಣದ ಗುರುತು ಹಾಕಿ ಹೋದರು. ನಿವೇಶನ ಅಮ್ಮನ ಹೆಸರಿನಲ್ಲಿದೆ. ಅಳತೆಯನ್ನೇ ಬರೆಯದ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ, ಪರಿಹಾರ ಆಮೇಲೆ ಬರುತ್ತದೆ ಎನ್ನುತ್ತಾರೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಭೂಮಾಪನ ಕೆಲಸದಿಂದ ನಿವೃತ್ತರಾದವರು: ಅಮ್ಮನವರ ಸಹಿ ಈಗಲೇ ಬೇಡ ಮೇಡಂ. ಮೊದಲು ಒಂದು ಅರ್ಜಿ ಬರೆದು ಪುರಸಭೆಯ ಟಪಾಲು ವಿಭಾಗಕ್ಕೆ ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಕೇಳಬೇಕಾದದ್ದು ಇಷ್ಟೇ: ನಿಮಗೆ ಜಾಗ ಬೇಕೋ, ಜಾಗದಡಿ ಕೊಳವೆ ಹಾಯಿಸಲು ಅವಕಾಶ ಮಾತ್ರ ಬೇಕೋ, ಯಾವ ಕಾಯ್ದೆಯಡಿ ಕೇಳುತ್ತಿದ್ದೀರಿ? 1964ರ ಪುರಸಭೆಗಳ ಅಧಿನಿಯಮದಲ್ಲಿ ಲಿಖಿತ ನೋಟಿಸ್ ಕೊಟ್ಟು ಖಾಸಗಿ ಜಾಗದಡಿ ಚರಂಡಿ ಒಯ್ಯುವ ಅಧಿಕಾರವಿದೆ. ಆಗ ಜಾಗದ ಒಡೆತನ ನಿಮ್ಮಲ್ಲೇ ಉಳಿಯುತ್ತದೆ. ಜಾಗವೇ ಬೇಕೆಂದರೆ ದರ ಮಾತನಾಡಿ ನೇರ ಖರೀದಿ ಮಾಡಬೇಕು, ಇಲ್ಲವೇ 2013ರ ಭೂಸ್ವಾಧೀನ ಕಾಯ್ದೆಯಡಿ ಬರಬೇಕು. ಆ ಕಾಯ್ದೆಯಡಿ ಕಲಂ 11ರ ಪ್ರಾಥಮಿಕ ಅಧಿಸೂಚನೆ ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನ ಇರುತ್ತದೆ. ಗೋಡೆಯ ಮೇಲಿನ ಕೆಂಪು ಬಣ್ಣವನ್ನು ಯಾರೂ ಅಧಿಸೂಚನೆ ಎನ್ನುವುದಿಲ್ಲ.

ಜಂಟಿ ಅಳತೆಯ ದಿನ ಮನೆಯವರು ಅಲ್ಲೇ ನಿಲ್ಲಿ. ಟೇಪಿನ ಸೊನ್ನೆಯನ್ನು ಎಲ್ಲಿ ಹಿಡಿಯುತ್ತಾರೆ ನೋಡಿ: ಹಳೆಯ ಚರಂಡಿಯ ನಡುವಿನಿಂದಲೋ, ನಿಮ್ಮ ಕಡೆಯ ದಡದಿಂದಲೋ? ಇದೊಂದರಲ್ಲೇ ಎರಡು ಮೂರು ಅಡಿ ಆಚೀಚೆ ಆಗುವುದನ್ನು ಕಂಡಿದ್ದೇನೆ. ಸಂಪು, ಕೊಳವೆಬಾವಿ, ಗೇಟು, ತೆಂಗಿನ ಮರ ಎಲ್ಲವೂ ಮಹಜರಿನಲ್ಲಿ, ಅಂದರೆ ಸ್ಥಳದಲ್ಲೇ ಬರೆಯುವ ದಾಖಲೆಯಲ್ಲಿ ಬರಬೇಕು. ಮಹಜರಿನಲ್ಲಿ ಇಲ್ಲದ್ದಕ್ಕೆ ಹಣ ಕೇಳಲು ಹೋದರೆ ಅಲೆದಾಟವೇ ಗತಿ. ನಕ್ಷೆಯ ಪ್ರತಿ ಕೈಗೆ ಬಂದ ಮೇಲೆಯೇ ಸಹಿ.

ಅಂಗಡಿಯ ಅರ್ಧ ಕಳೆದುಕೊಂಡವರು: ಮೇಲೆ ಹೇಳಿದ್ದು ಸರಿ. ಅದೇ 2013ರ ಕಾಯ್ದೆಯಡಿ ಬರುವ ಹಣದ ವಿಚಾರ ನಾನು ಸೇರಿಸುತ್ತೇನೆ. ನೋಂದಣಿಗೆಂದು ಸರ್ಕಾರ ಗೊತ್ತು ಮಾಡಿದ ಮಾರ್ಗಸೂಚಿ ದರವೇ ಕೊನೆಯ ಮಾತಲ್ಲ. ಹಿಂದಿನ ಮೂರು ವರ್ಷಗಳಲ್ಲಿ ಅಕ್ಕಪಕ್ಕ ನೋಂದಣಿಯಾದ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆ ಇರುವ ಅರ್ಧದಷ್ಟು ಪತ್ರಗಳನ್ನು ಮಾತ್ರ ಹಿಡಿದು ತೆಗೆದ ಸರಾಸರಿ ಅದಕ್ಕಿಂತ ಹೆಚ್ಚಿದ್ದರೆ ಅದನ್ನೇ ಪರಿಗಣಿಸಬೇಕು. ಉಪನೋಂದಣಾಧಿಕಾರಿ ಕಚೇರಿಯಿಂದ ಅವುಗಳ ದೃಢೀಕೃತ ನಕಲು ನೀವೇ ತೆಗೆಸಿ ಕೊಡಿ, ನಿಮ್ಮ ಪರವಾಗಿ ಇನ್ನಾರೂ ಹುಡುಕುವುದಿಲ್ಲ. ಜಾಗ, ಕಟ್ಟಡ, ಮರ ಎಲ್ಲದರ ಮೊತ್ತಕ್ಕೆ ಅಷ್ಟೇ ಮೊತ್ತದ ಸೊಲೇಷಿಯಂ (ಜಾಗ ಬಿಟ್ಟುಕೊಡಬೇಕಾದದ್ದಕ್ಕೆ ಹೆಚ್ಚುವರಿ ಪರಿಹಾರ) ಸೇರುತ್ತದೆ. ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12 ಬೇರೆ.

ಮೊತ್ತ ಕಡಿಮೆ ಎನಿಸಿದರೂ ಹಣವನ್ನು ಬೇಡವೆನ್ನಬೇಡಿ. ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಸ್ಪಷ್ಟವಾಗಿ ಬರೆದು ಪಡೆಯಿರಿ. ಹಾಗೆ ಬರೆಯದೆ ತೆಗೆದುಕೊಂಡರೆ ಕಲಂ 64ರಡಿ ಹೆಚ್ಚಿನ ಪರಿಹಾರ ಕೇಳುವ ಹಕ್ಕೇ ಹೋಗುತ್ತದೆ. ಐತೀರ್ಪಿನ (ಪರಿಹಾರ ನಿಗದಿ ಮಾಡುವ ಆದೇಶದ) ದಿನ ನೀವು ಹಾಜರಿದ್ದರೆ ಆ ಅರ್ಜಿಗೆ ಆರು ವಾರ ಮಾತ್ರ ಅವಧಿ. ಮನೆಯ ಒಂದು ಭಾಗ ಮಾತ್ರ ಹೋಗುವುದಾದರೆ ಕಲಂ 94 ಓದಿ. ಇಡೀ ಮನೆಯನ್ನೇ ತೆಗೆದುಕೊಳ್ಳಿ ಎಂದು ಕೇಳಬಹುದು. ನನ್ನ ಅಂಗಡಿಯ ಹಿಂದಿನ ಗೋಡೆಗೆ ಆಧಾರವೇ ಉಳಿದಿರಲಿಲ್ಲ, ಹಾಗಾಗಿ ಆ ಕಲಂ ನನಗೆ ಬಾಯಿಪಾಠ.

ಬೆಂಗಳೂರಿನಿಂದ: ಹಣದ ಬದಲು ಟಿಡಿಆರ್, ಅಂದರೆ ಬೇರೆಡೆ ಹೆಚ್ಚುವರಿಯಾಗಿ ಕಟ್ಟಲು ಬಳಸುವ ಅಥವಾ ಮಾರುವ ಹಕ್ಕಿನ ಪ್ರಮಾಣಪತ್ರ ಕೊಡುತ್ತೇವೆ ಎಂದರೆ ಯೋಚಿಸಿ. ಆ ಪ್ರಮಾಣಪತ್ರಕ್ಕೆ ಬೆಲೆ ಬರುವುದು ಕೊಳ್ಳುವ ಬಿಲ್ಡರ್ ಸಿಕ್ಕಾಗ. ಸಣ್ಣ ಊರಿನಲ್ಲಿ ಅಂಥವರು ಎಷ್ಟು ಜನ ಇದ್ದಾರು?

ಇನ್ನೊಬ್ಬರು: ನಿವೇಶನ ಅಮ್ಮನ ಹೆಸರಿನಲ್ಲೇ ಇರುವುದು ಒಳ್ಳೆಯದಾಯಿತು. ನಮ್ಮದು ಅಜ್ಜನ ಹೆಸರಿನಲ್ಲಿತ್ತು. ಪಾಲಿನ ತಕರಾರು ಎದ್ದು ಹಣವನ್ನು ಭೂಸ್ವಾಧೀನದ ತಕರಾರು ತೀರ್ಮಾನಿಸುವ ಪ್ರಾಧಿಕಾರದಲ್ಲಿ ಠೇವಣಿ ಇಟ್ಟರು, ಬಿಡಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು. ಕ್ರಯಪತ್ರ, ಖಾತಾ, ಋಣಭಾರ ಪತ್ರ, ಕಂದಾಯದ ರಸೀದಿ ಈಗಲೇ ಜೋಡಿಸಿಡಿ. ಜಾಗ ಹೋದ ಮೇಲೆ ಉಳಿದ ಅಳತೆಗೆ ಖಾತಾ ತಿದ್ದಿಸಿ. ನಮ್ಮಲ್ಲಿ ಚರಂಡಿಯೊಳಗೆ ಹೋದ ಜಾಗಕ್ಕೂ ಕಂದಾಯ ಕಟ್ಟಿ ಎಂದು ನೋಟಿಸ್ ಬರುತ್ತಿತ್ತು.