ಕೋರ್ಟಿಗೆ ‘ಅಂಕಣ’ ಸಾಕೇ? ‘ವಾಟ’ ಎಲ್ಲೆಲ್ಲಿ ಬಳಕೆಯಲ್ಲಿದೆ?

ಎಲ್ಲರಿಗೂ ನಮಸ್ಕಾರ.

ಪುತ್ತೂರಿನ ಹತ್ತಿರ ಅಕ್ಕನ ಮನೆಯ ಅಡಿಕೆ ಅಂಗಳದಲ್ಲಿ ಈ ಬೇಸಗೆ ವಾಲಿಬಾಲ್ ಕೋರ್ಟ್ ಮಾಡಿಸಿದೆವು. ಹಗಲು ಅಡಿಕೆ ಒಣಗಬೇಕು, ಸಂಜೆ ಮಕ್ಕಳು ಆಡಬೇಕು, ಮಳೆಗಾಲದಲ್ಲಿ ನೀರು ನಿಲ್ಲಬಾರದು. ನಮ್ಮ ಸೆಕೆ, ನಮ್ಮ ಮಳೆಗೆ ಇಂಥದ್ದನ್ನು ಹೇಗೆ ಮಾಡಿಸಬೇಕೆಂದು ಊರಿನ ಹುಡುಗರಿಗಾಗಿ ಬರೆದಿಡಲು ಕೂತವನು ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಕೋರ್ಟ್. ಪತ್ರಿಕೆಗಳಲ್ಲಿ ‘ಅಂಕಣ’ ಎಂದು ಬರೆಯುತ್ತಾರೆ: ಟೆನಿಸ್ ಅಂಕಣ, ಕಬಡ್ಡಿ ಅಂಕಣ. ಹಳೆಯ ಮನೆಗಳ ಲೆಕ್ಕದಲ್ಲಿ ಅಂಕಣವೆಂದರೆ ಎರಡು ಕಂಬಗಳ ಅಥವಾ ತೊಲೆಗಳ ನಡುವಿನ ಜಾಗ. ‘ಐದಂಕಣದ ಮನೆ’ ಎಂದರೆ ಸಾಕು, ಮನೆಯ ಗಾತ್ರ ತಿಳಿಯುತ್ತಿತ್ತು. ಆಂಧ್ರದ ಕೆಲವೆಡೆ ‘ಅಂಕಣಂ’ ಎನ್ನುವುದು ನಿವೇಶನದ ಅಳತೆ. ಸಂಸ್ಕೃತದ ‘ಅಂಕನ’ವೋ, ಗುರುತು ಹಾಕುವುದು. ಅಳತೆ, ಗೆರೆ ಎರಡೂ ಈ ಮಾತಿನ ಸುತ್ತ ಇರುವುದರಿಂದ 18 ಮೀಟರ್ ಉದ್ದ, 9 ಮೀಟರ್ ಅಗಲಕ್ಕೆ ಬಿಳಿ ಗೆರೆ ಎಳೆದ ಜಾಗಕ್ಕೆ ಅಂಕಣ ಚೆನ್ನಾಗಿ ಒಪ್ಪುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ.

ತೊಡಕು ಇರುವುದು ಗೆರೆಯಿಂದಾಚೆ. ಚೆಂಡಿನ ಹಿಂದೆ ಓಡುವವರಿಗೆ ಸುತ್ತಲೂ ಕನಿಷ್ಠ 3 ಮೀಟರ್ ಬಯಲು ಬೇಕು. ಅಲ್ಲಿಗೆ ಕಾಂಕ್ರೀಟ್ ಹಾಕಬೇಕಾದ ನೆಲ 24ಕ್ಕೆ 15 ಮೀಟರ್ ಆಯಿತು. ಇಷ್ಟೂ ನೆಲಕ್ಕೆ ಏನೆನ್ನಬೇಕು? ‘ಅಂಕಣಕ್ಕೆ ಕಾಂಕ್ರೀಟ್ ಹಾಕಿ’ ಎಂದು ಬರೆದರೆ ಅಳತೆಯೇ ತಪ್ಪುತ್ತದೆ. ‘ಕ್ರೀಡಾಂಗಣ’ ಎಂದರೆ ಕಣ್ಣಮುಂದೆ ಗ್ಯಾಲರಿ ಬರುತ್ತದೆ. ‘ಕಣ’ ನನಗೆ ಇಷ್ಟವಾದ ಪದ. ರಾಗಿ ಬಡಿಯುವ ಕಣವೂ ಉಂಟು, ಕುಸ್ತಿ ಕಣವೂ ಉಂಟು. ನೆಲ ಕೆತ್ತಿ, ನೀರು ಚಿಮುಕಿಸಿ, ಗಟ್ಟಿ ಮಾಡಿ, ಸಗಣಿ ಸಾರಿಸಿ ಕಣ ‘ಮಾಡುತ್ತಾರೆ’. ನಮ್ಮ ಕಡೆ ಅಂಗಳಕ್ಕೂ ಇದೇ ಕ್ರಿಯಾಪದ. ಮಳೆಗಾಲ ಕಳೆದ ಮೇಲೆ ‘ಅಂಗಳ ಮಾಡಿ ಆಯ್ತಾ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಅಂಗಳ ಹೊಸದಲ್ಲ, ಇದ್ದದ್ದೇ. ಆದರೂ ಪ್ರತಿವರ್ಷ ಅದನ್ನು ಮಾಡಬೇಕು. ಮಳೆಯ ಹೊಡೆತಕ್ಕೆ ಮಣ್ಣು ಏಳದ ಹಾಗೆ ಅಡಿಕೆ ಸೋಗೆ ಹಾಸುವುದೂ ಆ ಕೆಲಸಕ್ಕೆ ಸೇರಿದ್ದೇ. ಹಾಗಾಗಿ ಇಡೀ ನೆಲಕ್ಕೆ ‘ಆಟದಂಗಳ’, ಅದರ ಮೇಲೆ ಗೆರೆ ಎಳೆದ ಭಾಗಕ್ಕೆ ‘ಅಂಕಣ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ. ಬಯಲುಸೀಮೆಯವರಿಗೆ ‘ಕಣ’ವೇ ಹತ್ತಿರವೆನಿಸುತ್ತದೆಯೇ?

ಎರಡನೆಯ ಪದದ ಬಗ್ಗೆ ನನಗೆ ಇನ್ನೂ ಹೆಚ್ಚು ಆಸೆಯಿದೆ. ಮೇಸ್ತ್ರಿ ಚಾಮರಾಜನಗರದ ಕಡೆಯವರು. ಮೊದಲ ದಿನ ದಾರ ಕಟ್ಟುವ ಮುಂಚೆಯೇ ‘ವಾಟ ಯಾವ ಕಡಿಕ್ ಕೊಡನ ಅಕ್ಕ?’ ಎಂದು ಕೇಳಿದರು. ಅಕ್ಕನಿಗೆ ಅರ್ಥವಾಗಲಿಲ್ಲ, ನನಗೂ ಇಲ್ಲ. ಅವರು ಬಾವಿಕಟ್ಟೆಯ ಪಕ್ಕದ ಸಿಮೆಂಟ್ ನೆಲದ ಮೇಲೆ ಒಂದು ಚೊಂಬು ನೀರು ಸುರಿದರು. ನೀರು ಸ್ವಲ್ಪ ಹೊತ್ತು ಹರಡಿಕೊಂಡು, ಆಮೇಲೆ ನಿಧಾನಕ್ಕೆ ತೋಟದ ಕಡೆ ಹೊರಟಿತು. ಆ ಕಡೆ ಬೆರಳು ತೋರಿಸಿ ‘ಇದೇ ವಾಟ’ ಎಂದರು.

ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯವರಾದ ನಮಗೆ ಈ ಪದ ಗೊತ್ತಿರಲಿಲ್ಲ! ನಮ್ಮಲ್ಲಿ ಕೆಲಸದವರೆಲ್ಲ ‘ಸ್ಲೋಪ್’ ಎನ್ನುತ್ತಾರೆ. ‘ಇಳಿಜಾರು’ ಎಂದು ಬರೆಯಬಹುದು, ಆದರೆ ಅದು ಗುಡ್ಡದ, ರಸ್ತೆಯ ಮಾತು, ನೋಡಿದರೆ ಕಾಣುತ್ತದೆ. ವಾಲಿಬಾಲ್ ನಿಯಮದ ಪ್ರಕಾರ ಹೊರಾಂಗಣದಲ್ಲಿ ನೀರು ಹರಿಯಲೆಂದು ಮೀಟರಿಗೆ 5 ಮಿಲಿಮೀಟರ್ ಇಳಿಸಬಹುದು. ನಮ್ಮ 15 ಮೀಟರ್ ಅಗಲಕ್ಕೆ ಅದು ಏಳೂವರೆ ಸೆಂಟಿಮೀಟರ್. ನಿಂತು ನೋಡಿದರೆ ನೆಲ ಸಮವಾಗಿಯೇ ಕಾಣುತ್ತದೆ, ರಸಮಟ್ಟ ಇಟ್ಟರಷ್ಟೇ ಗುಳ್ಳೆ ಪಕ್ಕಕ್ಕೆ ಸರಿಯುತ್ತದೆ. ಬೇಕೆಂದೇ ಕೊಟ್ಟ, ಕಣ್ಣಿಗೆ ಕಾಣದ, ನೀರಿಗೆ ಮಾತ್ರ ಗೊತ್ತಾಗುವ ಈ ಇಳಿತಕ್ಕೆ ‘ವಾಟ’ಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ಅದರ ಜೊತೆ ಬರುವ ‘ಕೊಡು’ ಕೂಡ ಎಷ್ಟು ಸರಿಯಾಗಿದೆ ನೋಡಿ.

ತಮಿಳಿನಲ್ಲಿ ‘ವಾಟ್ಟಂ’ ಎಂಬ ಪದ ಇದೇ ಅರ್ಥದಲ್ಲಿದೆ, ಬಾಡುವಿಕೆ ಎಂಬ ಅರ್ಥವೂ ಅದಕ್ಕಿದೆ. ಚಾಮರಾಜನಗರ ಗಡಿನಾಡು. ತಮಿಳಿನಿಂದ ಬಂದ ಮಾತೇ, ಅಥವಾ ಎರಡೂ ಭಾಷೆಗೆ ಸೇರಿದ್ದೇ? ‘ಯಜ್ಞವಾಟ’ದಲ್ಲಿರುವ ಸಂಸ್ಕೃತದ ವಾಟಕ್ಕೆ ಆವರಣ ಎಂಬ ಅರ್ಥ. ಅದನ್ನು ಇದರೊಂದಿಗೆ ಬೆರೆಸಬಾರದು ಎಂದು ನನ್ನ ಎಣಿಕೆ.

ಪದ ಸರಿಯಾಗಿ ಬರೆಯಬೇಕೆಂಬ ಹಟಕ್ಕೆ ಕಾರಣವಿದೆ. ನಮ್ಮ ಹತ್ತಿರದ ಇನ್ನೊಂದು ಮನೆಯಲ್ಲಿ ಆಟದಂಗಳವನ್ನು ನಡುವೆ ಏರಿಸಿ ನಾಲ್ಕೂ ಕಡೆ ಇಳಿಸಿದ್ದರು, ಒಂದು ಮೂಲೆ ತಗ್ಗಾಯಿತು. ಅಲ್ಲಿ ನಿಂತ ನೀರು ನಮ್ಮ ತೇವದ ಗಾಳಿಯಲ್ಲಿ ಆರುವುದೇ ಇಲ್ಲ, ಪಾಚಿ ಕಟ್ಟಿ ಒಬ್ಬ ಹುಡುಗ ಜಾರಿ ಕೈ ಮುರಿದುಕೊಂಡ. ಕಾಂಕ್ರೀಟಿನ ಕೆಳಗೆ ಪ್ಲಾಸ್ಟಿಕ್ ಹಾಳೆಯನ್ನೂ ಹಾಸಿರಲಿಲ್ಲ. ನೆಲದ ತೇವ ಮೇಲೆ ಬಂದು ಬಣ್ಣವೆಲ್ಲ ಹೊಪ್ಪಳೆ ಎದ್ದಿತು. ‘ಒಂದೇ ಕಡೆಗೆ, ಒಂದೇ ವಾಟ’ ಎಂದು ನಮ್ಮ ಮೇಸ್ತ್ರಿ ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದೇನೆ.

ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗದ ಕಡೆ ತಾರಸಿಗೆ, ಬಚ್ಚಲಿಗೆ, ಅಂಗಳಕ್ಕೆ ಕೊಡುವ ಈ ವಾಟಕ್ಕೆ ಏನೆನ್ನುತ್ತಾರೆ? ಹಾಗೆಯೇ ಸಮ ನೆಲದಲ್ಲಿ ನೀರು ನಿಲ್ಲುವ ಅಂಗೈಯಗಲದ ತಗ್ಗಿಗೂ ಒಂದು ಹೆಸರು ಬೇಕಾಗಿದೆ. ನಿಮ್ಮೂರಿನ ಮೇಸ್ತ್ರಿಗಳನ್ನು ಕೇಳಿ, ಅವರು ಆಡಿದ ವಾಕ್ಯವನ್ನು ತಿದ್ದದೆ ಇಲ್ಲಿ ಬರೆದರೆ ಉಪಕಾರವಾಗುತ್ತದೆ.