ಸಹಾಯ ಬೇಕು: ಮೈಸೂರು ರೈಲ್ವೆ ಮ್ಯೂಸಿಯಂಗೆ ಅಪ್ಪನನ್ನು ಕರ್ಕೊಂಡು ಹೋಗ್ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ (ರೈಲಿನ ಹಳಿ ಬದಲಿಸಿ ಕೊಡೋ ಕೆಲಸ) ಆಗಿದ್ದವರು. ಹೆಚ್ಚಿನ ಸರ್ವೀಸೆಲ್ಲ ಮೈಸೂರು–ಚಾಮರಾಜನಗರ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿ) ಲೈನಲ್ಲೇ. ಈಗ ವಯಸ್ಸು 78, ಎರಡೂ ಮಂಡಿ ನೋವು. ಮುಂದಿನ ತಿಂಗಳು ಅವರನ್ನ ಕೆಆರ್‌ಎಸ್ ರಸ್ತೆಯ ಮ್ಯೂಸಿಯಂಗೆ ಕರ್ಕೊಂಡು ಹೋಗೋ ಆಸೆ. 1979ರಲ್ಲಿ ಶುರುವಾದ ಮ್ಯೂಸಿಯಂ ಅದು. ನಾನು ನೋಡಿದ್ದು ಶಾಲೆಯ ಟೂರಲ್ಲಿ. ನೆನಪಿರೋದು ಪುಟಾಣಿ ರೈಲು, ಆಮೇಲೆ ಐಸ್‌ಕ್ಯಾಂಡಿ!

ಅಪ್ಪನಿಗೆ ಉಗಿಬಂಡಿಗಳ ಹತ್ತಿರ ನಿಲ್ಲಬೇಕು, 1899ರ ಮಹಾರಾಣಿ ಸಲೂನ್ ಬೋಗಿ (ರಾಜಮನೆತನದವರ ಐಷಾರಾಮಿ ಬೋಗಿ) ನೋಡ್ಬೇಕು. ಇತ್ತೀಚೆಗೆ ಹೋಗಿ ಬಂದವರು ಹೇಳ್ತೀರಾ, ವೀಲ್‌ಚೇರ್ ಒಳಗೆಲ್ಲ ಸರಾಗವಾಗಿ ಹೋಗುತ್ತಾ? ಬೋಗಿ ಪಕ್ಕದ ಮೆಟ್ಟಿಲು ಎಷ್ಟು ಎತ್ತರ? ವಾರದ ರಜೆ ಯಾವತ್ತು? ಜನ ಕಡಿಮೆ ಇರೋ ಹೊತ್ತು ಯಾವುದು?

ಇನ್ನೊಂದು ವಿಷಯ. ಮನೆಯಲ್ಲಿ ಅಪ್ಪನ ಹಳೇ ಸೀಮೆಎಣ್ಣೆ ಕೈದೀಪ ಇದೆ, ರೈಲಿಗೆ ಸಿಗ್ನಲ್ ತೋರಿಸೋದು. ಮೇಲಿನ ಹಿಡಿ ತಿರುಗಿಸಿದ್ರೆ ಒಳಗೆ ಕೆಂಪು, ಹಸಿರು ಗಾಜು ಬದಲಾಗ್ತಾವೆ. ಹಸಿರು ಗಾಜು ಸ್ವಲ್ಪ ಸೀಳಿದೆ, ಹಿಡಿ ಇನ್ನೂ ಕಟಕ್ ಅಂತ ಕೂರುತ್ತೆ. ಮೊನ್ನೆ ಕರೆಂಟ್ ಹೋದಾಗ ಅಪ್ಪ ಅದನ್ನ ಹಚ್ಚಿ, ಮೊಮ್ಮಗನಿಗೆ ಹಸಿರು ತೋರಿಸಿದ ಮೇಲೇ ಅಡುಗೆಮನೆಗೆ ಬಿಟ್ಟಿದ್ದು. ಇದನ್ನ ಮ್ಯೂಸಿಯಂಗೆ ಕೊಡ್ಬೇಕು ಅಂತಾರೆ. (ಅಮ್ಮನಿಗೆ ಒಂಚೂರೂ ಇಷ್ಟವಿಲ್ಲ, ಅದು ಬೇರೆ ಮಾತು.) ಇಂಥದ್ದನ್ನ ತಗೊಳ್ತಾರಾ? ಯಾರನ್ನ ಕೇಳ್ಬೇಕು, ಅರ್ಜಿ ಬರೀಬೇಕಾ? ಗೊತ್ತಿರೋರು ದಯವಿಟ್ಟು ತಿಳಿಸಿ. ಮೆಟ್ಟಿಲಿನ ಫೋಟೋ ಇದ್ರೆ ಹಾಕಿ, ತುಂಬಾ ಉಪಕಾರ ಆಗುತ್ತೆ.