ಆಯ್ಕೆಯೇ ಇಲ್ಲದೆ ಆಲೀಲ್ ಕಾಣೆಯಾಗುವುದು ಹೇಗೆ?

ಪ್ರಶ್ನೆ:
ಬಸವನಗುಡಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಜೆನೆಟಿಕ್ ಡ್ರಿಫ್ಟ್, ಅಂದರೆ ನಿಸರ್ಗದ ಆಯ್ಕೆಯಿಲ್ಲದೆ ಬರೀ ಆಕಸ್ಮಿಕವಾಗಿ ಆಲೀಲ್‌ಗಳ (ಒಂದೇ ಜೀನಿನ ಬೇರೆ ಬೇರೆ ರೂಪಗಳ) ಪ್ರಮಾಣ ಪೀಳಿಗೆಯಿಂದ ಪೀಳಿಗೆಗೆ ಬದಲಾಗುವುದನ್ನು ತೋರಿಸಲೆಂದು ಡಬ್ಬಿಯಲ್ಲಿ 50 ಬಿಳಿ, 50 ಕೆಂಪು ಅಲಸಂದೆ ಕಾಳು (ಒಂದೊಂದು ಬಣ್ಣ ಒಂದೊಂದು ಆಲೀಲ್) ಬೆರೆಸಿ, ಕಣ್ಣು ಮುಚ್ಚಿ 10 ಕಾಳು ತೆಗೆಸಿ, ಬಂದ ಅನುಪಾತದಲ್ಲೇ ಡಬ್ಬಿಯನ್ನು ಮತ್ತೆ ನೂರಕ್ಕೆ ತುಂಬಿಸುತ್ತಾ ಹೋದೆ. ಒಂದು ಬೆಂಚಿನಲ್ಲಿ 11ನೇ ಸುತ್ತಿಗೆ ಕೆಂಪು ಪೂರ್ತಿ ಇಲ್ಲವಾಯಿತು. ಪಕ್ಕದ ಬೆಂಚಿನಲ್ಲಿ ಬಿಳಿಯೇ ಮಾಯ. ‘ಮೇಡಂ, ಕೆಂಪಿಗೆ ಏನು ಕೊರತೆಯಿತ್ತು?’ ಎಂದು ಹುಡುಗನೊಬ್ಬ ಕೇಳಿದ. ಏನೂ ಇಲ್ಲವೆಂದರೆ ಅವನು ಒಪ್ಪುತ್ತಿಲ್ಲ. ಮನುಷ್ಯರಲ್ಲಿ ಇದಕ್ಕೆ ಉದಾಹರಣೆಯಿದೆಯೇ?

ಉತ್ತರ 1:
ಪೆಸಿಫಿಕ್ ಸಾಗರದ ಪಿಂಗೆಲಾಪ್ ದ್ವೀಪದ ಕಥೆ ಹೇಳಿ. 1775ರ ಸುಮಾರಿಗೆ ಬಂದ ಚಂಡಮಾರುತ ಮತ್ತು ಅದರ ಹಿಂದೆಯೇ ಬಂದ ಕ್ಷಾಮದಿಂದ ಅಲ್ಲಿ ಉಳಿದವರು ಸುಮಾರು 20 ಜನ. ಅವರಲ್ಲಿ ಒಬ್ಬರು ಪೂರ್ಣ ವರ್ಣಾಂಧತೆಯ ಅಪ್ರಬಲ ಆಲೀಲ್‌ನ (ಎರಡು ಪ್ರತಿ ಸೇರಿದರೆ ಮಾತ್ರ ತೊಂದರೆ ಕೊಡುವಂಥದ್ದು) ಒಂದು ಪ್ರತಿ ಹೊತ್ತ ವಾಹಕರಾಗಿದ್ದರು ಎಂದಿಟ್ಟುಕೊಂಡರೆ, ತಲಾ ಎರಡರಂತೆ 40 ಪ್ರತಿಗಳಲ್ಲಿ ಒಂದು, ಅಂದರೆ ಶೇ 2.5. ಉಳಿದೆಡೆ ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವ ಈ ತೊಂದರೆ ಈಗ ಅಲ್ಲಿನವರಲ್ಲಿ ಶೇ 4ರಿಂದ 10ರಷ್ಟು ಜನರಿಗಿದೆ. ಶೇ 5 ಎಂದೇ ಹಿಡಿದು, ತೊಂದರೆಗೆ ಎರಡು ಪ್ರತಿ ಬೇಕಾದ್ದರಿಂದ ವರ್ಗಮೂಲ ತೆಗೆದರೆ ಆಲೀಲ್‌ನ ಪ್ರಮಾಣ ಶೇ 22ರ ಆಸುಪಾಸು. ಆ ಆಲೀಲ್‌ನಿಂದ ಯಾರಿಗೂ ಲಾಭವಾಗಲಿಲ್ಲ, ಬಿಸಿಲಿನಲ್ಲಿ ಕಣ್ಣು ಬಿಡಲೂ ಕಷ್ಟ. ಆದರೂ ಅದು ಏರಿತು.

ಉತ್ತರ 2:
ಒಂದು ಎಚ್ಚರಿಕೆ, ಮೇಡಂ. ನಮ್ಮ ಕೆ.ಆರ್. ಮಾರುಕಟ್ಟೆಯ ಕೆಂಪು ಅಲಸಂದೆ ಬಿಳಿಯದಕ್ಕಿಂತ ಸಣ್ಣದು. ಬೆರಳಿಗೆ ದಪ್ಪ ಕಾಳೇ ಮೊದಲು ಸಿಕ್ಕಿದರೆ ಅದು ಡ್ರಿಫ್ಟ್ ಅಲ್ಲ, ಆಯ್ಕೆಯೇ! ಒಂದೇ ಗಾತ್ರದ ಮಣಿಗಳನ್ನು ಬಳಸಿ. ಜೊತೆಗೆ ಲೆಕ್ಕವನ್ನೂ ತೋರಿಸಿ: ಅರ್ಧರ್ಧ ಇದ್ದಾಗ 10 ಕಾಳು ತೆಗೆದರೆ ಒಂದೇ ಸುತ್ತಿನಲ್ಲಿ ಅನುಪಾತ ಸಾಧಾರಣವಾಗಿ ಶೇ 16ರಷ್ಟು ಆಚೀಚೆ ಸರಿಯುತ್ತದೆ, 1000 ತೆಗೆದರೆ ಶೇ 1.6 ಮಾತ್ರ.

ಉತ್ತರ 3:
ದ್ವೀಪದವರೆಗೂ ಹೋಗಬೇಕಿಲ್ಲ. ಅರಿವಳಿಕೆ ಕೊಡುವ ನಾವು ಸ್ನಾಯುಗಳನ್ನು ಸ್ವಲ್ಪ ಹೊತ್ತು ನಿಶ್ಚಲಗೊಳಿಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಹಾಕುವ ಮುನ್ನ ಕುಟುಂಬದ ಹಿನ್ನೆಲೆ ವಿಚಾರಿಸುತ್ತೇವೆ. ಆಂಧ್ರ ಮೂಲದ ವೈಶ್ಯ ಸಮುದಾಯದಲ್ಲಿ ಆ ಔಷಧವನ್ನು ಒಡೆಯುವ ಕಿಣ್ವದ ಕೊರತೆ ಬೇರೆಯವರಿಗಿಂತ ಬಹಳ ಹೆಚ್ಚು. ಕೆಲವೇ ನಿಮಿಷ ಇರಬೇಕಾದ ಸ್ನಾಯುಗಳ ನಿಶ್ಚಲತೆ ಅಂಥವರಲ್ಲಿ ಗಂಟೆಗಟ್ಟಲೆ ಉಳಿಯುವುದರಿಂದ ವೆಂಟಿಲೇಟರ್ ತೆಗೆಯುವಂತಿಲ್ಲ. ಇದರ ಮೂಲ ಕೆಲವೇ ಪೂರ್ವಜರು. ಸಮುದಾಯದೊಳಗಿನ ಮದುವೆಗಳು ಆ ಆಲೀಲ್ ಹೊರಗೆ ಚದುರದಂತೆ ಹಿಡಿದಿಟ್ಟವು.

ಪ್ರಶ್ನೆ ಕೇಳಿದವರು:
ಕೆಂಪು ಕಾಳು ನಿಜಕ್ಕೂ ಸಣ್ಣದೇ. ಆದರೂ ಒಂದು ಬೆಂಚಿನಲ್ಲಿ ಗೆದ್ದದ್ದು ಅದೇ. ನಾಳೆ ಮಣಿ ತರುತ್ತೇನೆ.